ದೆವ್ವದ ಸಿನಿಮಾಕ್ಕೊಬ್ಬ ಸಾರಥಿ

ನಮ್ಮ ಕಡೆಯ ದೊಡ್ಡಾಟದಲ್ಲಿ ರಾಕ್ಷಸ ಸುಮ್ಮನೆ ರಂಗಕ್ಕೆ ಬರುವುದಿಲ್ಲ. ಮೊದಲು ಪರದೆಯ ಹಿಂದಿನಿಂದ ಅವನ ಅಬ್ಬರ ಕೇಳುತ್ತದೆ. ಮದ್ದಳೆ ಏರುತ್ತದೆ. ಮುಂದೆ ಕುಳಿತ ಮಕ್ಕಳು ಅವ್ವಂದಿರ ಸೆರಗಿನೊಳಗೆ ಸೇರಿಕೊಳ್ಳುತ್ತಾರೆ. ಅವನು ಕುಣಿದು, ಕಣ್ಣು ಕೆಕ್ಕರಿಸಿ, ಗದೆಯನ್ನು ನೆಲಕ್ಕೆ ಕುಟ್ಟಿ ನಿಂತ ಮೇಲೆ ಸಾರಥಿ ಹತ್ತಿರ ಹೋಗಿ ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಕ್ಷಸ ತನ್ನ ಹೆಸರು, ಕುಲ, ಪಟ್ಟಣಗಳನ್ನು ಹೇಳಿಕೊಳ್ಳಲೇಬೇಕು. ಅಲ್ಲಿಯವರೆಗೆ ಆಟ ಮುಂದೆ ಸಾಗದು. ಅಷ್ಟು ಹೊತ್ತಿಗೆ ಮಕ್ಕಳು ಸೆರಗಿನಿಂದ ತಲೆ ಹೊರಗೆ ಹಾಕಿರುತ್ತಾರೆ. ಹೆದರಿಕೆ ಹೋಗಿರುವುದಿಲ್ಲ, ಅದಕ್ಕೊಂದು ವಿಳಾಸ ಸಿಕ್ಕಿರುತ್ತದೆ.

ಅಮೆರಿಕದ ಟಿವಿಯಲ್ಲಿ ಭಯಾನಕ ಸಿನಿಮಾಗಳನ್ನು ತೋರಿಸುವ ನಿರೂಪಕರನ್ನು ನೋಡಿದಾಗ ನಮಗೆ ಈ ಸಾರಥಿಯೇ ನೆನಪಾದ. ಅಲ್ಲಿ ಇದು ಎಪ್ಪತ್ತು ವರ್ಷದ ಪರಂಪರೆ. 1954ರಲ್ಲಿ ಲಾಸ್ ಏಂಜಲಿಸ್ಸಿನ ಒಂದು ಸ್ಥಳೀಯ ವಾಹಿನಿಯಲ್ಲಿ ಮೈಲಾ ನುರ್ಮಿ ಎಂಬ ನಟಿ ಕಪ್ಪು ನಿಲುವಂಗಿ ತೊಟ್ಟು, ‘ವ್ಯಾಂಪೈರಾ’ ಎಂಬ ಹೆಸರಿನಲ್ಲಿ, ನಡುರಾತ್ರಿ ಹಳೆಯ ಸಿನಿಮಾಗಳನ್ನು ಪರಿಚಯಿಸತೊಡಗಿದಳು. 1957ರಲ್ಲಿ ಯೂನಿವರ್ಸಲ್ ಕಂಪನಿಯ 52 ಹಳೆಯ ಚಿತ್ರಗಳನ್ನು ಒಂದು ಗಂಟು ಮಾಡಿ ಊರೂರಿನ ಟಿವಿ ಕೇಂದ್ರಗಳಿಗೆ ಮಾರಲಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್, ಮಮ್ಮಿ ಎಲ್ಲ ಆ ಗಂಟಿನಲ್ಲಿದ್ದವು. ಕೇಂದ್ರಗಳು ತಮ್ಮ ತಮ್ಮ ಊರಿನಲ್ಲೇ ಒಬ್ಬೊಬ್ಬ ನಿರೂಪಕನನ್ನು ಹುಡುಕಿಕೊಂಡವು. ಕೆಲವರು ಹವಾಮಾನ ಓದುವವರು, ಕೆಲವರು ಬೇಸತ್ತ ನಟರು. ಶವಪೆಟ್ಟಿಗೆಯಿಂದ ಎದ್ದು ಬರುವುದು, ಸಿನಿಮಾದ ನಡುವೆ ನುಗ್ಗಿ ಕುಚೋದ್ಯ ಮಾಡುವುದು ಅವರ ವರಸೆ. ಫಿಲಡೆಲ್ಫಿಯಾದಲ್ಲಿ ಜಾನ್ ಜಾಕರ್ಲಿ ಹೀಗೆಯೇ ಹೆಸರಾದ. 1981ರಲ್ಲಿ ಬಂದ ಎಲ್ವೈರಾ ಈ ವೇಷವನ್ನೇ ದೊಡ್ಡ ವ್ಯಾಪಾರ ಮಾಡಿದಳು.

ಇವರಲ್ಲಿ ಹೆಚ್ಚಿನವರು ಸಿನಿಮಾವನ್ನು ನಗೆಪಾಟಲು ಮಾಡುವವರು. ಅಗ್ಗದ ಸಿನಿಮಾ ಕಂಡರೆ ನಗುವುದು ಸುಲಭ, ಅದಕ್ಕೆ ಓದು ಬೇಕಾಗಿಲ್ಲ. ನಮಗೆ ಕುತೂಹಲ ಇನ್ನೊಂದು ಬಗೆಯವರ ಮೇಲೆ. ಇಂಗ್ಲೆಂಡಿನ ಬಿಬಿಸಿಯಲ್ಲಿ 1988ರಿಂದ ಕೆಲವು ವರ್ಷ ‘ಮೂವೀಡ್ರೋಮ್’ ಎಂಬ ಕಾರ್ಯಕ್ರಮ ಬರುತ್ತಿತ್ತು. ಸ್ವತಃ ನಿರ್ದೇಶಕನಾದ ಅಲೆಕ್ಸ್ ಕಾಕ್ಸ್ ವಿಚಿತ್ರ ಸಿನಿಮಾಗಳ ಮೊದಲು ನಾಲ್ಕು ಮಾತಾಡಿ ಬದಿಗೆ ಸರಿಯುತ್ತಿದ್ದ. ಅಮೆರಿಕದಲ್ಲಿ ಈ ಬಗೆಯ ದೊಡ್ಡ ಹೆಸರು ಜೋ ಬಾಬ್ ಬ್ರಿಗ್ಸ್. ಅದು ಇಟ್ಟುಕೊಂಡ ಹೆಸರು. ಮನುಷ್ಯನ ನಿಜ ಹೆಸರು ಜಾನ್ ಬ್ಲೂಮ್, ಕಸುಬು ವರದಿಗಾರಿಕೆ. ಟೆಕ್ಸಸ್ಸಿನ ಒಂದು ಕೊಲೆ ಪ್ರಕರಣದ ಬಗ್ಗೆ 1984ರಲ್ಲಿ ಇನ್ನೊಬ್ಬರ ಜೊತೆ ಸೇರಿ ಪುಸ್ತಕ ಬರೆದವನು. ಹಳ್ಳಿಗಾಡಿನ ಟೊಪ್ಪಿಗೆ, ಬೂಟು ತೊಟ್ಟು, ಮಡಚುವ ಕುರ್ಚಿಯಲ್ಲಿ ಕುಳಿತು ಸಿನಿಮಾ ತೋರಿಸುತ್ತಾನೆ. ಎಂಬತ್ತರ ದಶಕದಲ್ಲಿ ಒಂದು ವಾಹಿನಿ, 1996ರಿಂದ 2000ದವರೆಗೆ ‘ಮಾನ್‌ಸ್ಟರ್‌ವಿಷನ್’, ಆಮೇಲೆ 2018ರಲ್ಲಿ ಶಡರ್ ಎಂಬ ಅಂತರ್ಜಾಲ ವಾಹಿನಿಯಲ್ಲಿ ‘ದ ಲಾಸ್ಟ್ ಡ್ರೈವ್-ಇನ್’.

ತಳಕಲ್ಲಿನಲ್ಲಿ ಕೂತವರಿಗೆ ಇವನು ಸಿಕ್ಕಿದ್ದು ಹೇಗೆ ಎಂದರೆ, ಹಳೆಯ ಅಭಿಮಾನಿಗಳು ಆ ಕಾಲದಲ್ಲಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತುಣುಕುಗಳನ್ನು ಯೂಟ್ಯೂಬಿಗೆ ಹಾಕಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಅಣ್ಣನ ಮಗ ಬಕ್ರೀದಿಗೆ ಬಂದಾಗ ‘ಚಾಚಾ, ಇವನನ್ನು ನೋಡ್ರಿ, ನಿಮ್ಮಂಗ ಮಾತಾಡ್ತಾನ’ ಎಂದು ಹಚ್ಚಿಕೊಟ್ಟ. ಹೊಗಳಿದನೋ ಚುಚ್ಚಿದನೋ ತಿಳಿಯಲಿಲ್ಲ.

ಈ ಮನುಷ್ಯನ ವಿಶೇಷವೆಂದರೆ ಅವನು ಭಯದ ಲೆಕ್ಕ ಒಪ್ಪಿಸುತ್ತಾನೆ. ಯಾವ ಸಿನಿಮಾದಲ್ಲಿ ಎಷ್ಟು ಹೆಣ ಬಿದ್ದವು, ಎಷ್ಟು ತಲೆ ಉರುಳಿದವು ಎಂದು ಅಂಗಡಿಯವನ ಹಾಗೆ ಮೊದಲೇ ಪಟ್ಟಿ ಓದುತ್ತಾನೆ. ಅದು ತಮಾಷೆ. ತಮಾಷೆಯ ನಂತರ ಬರುವುದು ಕೆಲಸದ ಮಾತು: ಈ ಚಿತ್ರಕ್ಕೆ ದುಡ್ಡು ಯಾರು ಹಾಕಿದರು, ಎಷ್ಟು ದಿನ ಚಿತ್ರೀಕರಣ ನಡೆಯಿತು, ಯಾರಿಗೆ ಸಂಬಳ ಸಿಗಲಿಲ್ಲ. 1974ರ ‘ಟೆಕ್ಸಸ್ ಚೈನ್ ಸಾ ಮಸಾಕರ್’ ಬಗ್ಗೆ ಅವನು 2004ರಲ್ಲಿ ತನ್ನ ನಿಜ ಹೆಸರಿನಲ್ಲಿ ಒಂದು ಪತ್ರಿಕೆಗೆ ದೀರ್ಘ ಲೇಖನ ಬರೆದ. ಆ ಸಿನಿಮಾದ ಊಟದ ದೃಶ್ಯವನ್ನು ಟೆಕ್ಸಸ್ಸಿನ ಬೇಸಿಗೆಯಲ್ಲಿ, ಕಿಟಕಿ ಮುಚ್ಚಿದ ಮನೆಯಲ್ಲಿ, ಕೊಳೆಯುತ್ತಿದ್ದ ಮಾಂಸ ಮತ್ತು ಎಲುಬುಗಳ ನಡುವೆ, ಒಂದು ಹಗಲು ರಾತ್ರಿಗೂ ಮಿಕ್ಕಿ ಬಿಡುವಿಲ್ಲದೆ ಚಿತ್ರೀಕರಿಸಿದ್ದರು. ನಟಿಯ ಕಿರುಚಾಟದಲ್ಲಿ ನಟನೆ ಎಷ್ಟು, ದಣಿವು ಎಷ್ಟು ಎಂದು ಹೇಳುವುದು ಕಷ್ಟ. ಸಿನಿಮಾ ಕೋಟಿಗಟ್ಟಲೆ ಗಳಿಸಿತು. ಮಾಡಿದವರ ಕೈಗೆ ಬಂದದ್ದು ಪುಡಿಗಾಸು. ಇದನ್ನು ತಿಳಿದು ಆ ದೃಶ್ಯ ನೋಡಿದರೆ ಹೆದರಿಕೆ ಕಡಿಮೆಯಾಗುವುದಿಲ್ಲ. ಆದರೆ ದೆವ್ವದ ಕಡೆಗಿದ್ದ ನೋಟ ದುಡಿಯುವವರ ಕಡೆಗೂ ತಿರುಗುತ್ತದೆ. ಅಂತಹ ಕುಚೋದ್ಯಗಾರನಿಂದ ನಾವು ನಿರೀಕ್ಷಿಸದ ಘನತೆ ಇದು.

ಹಾಗೆಂದು ಅವನನ್ನು ಹೆಗಲ ಮೇಲೆ ಹೊರಬೇಕಾಗಿಲ್ಲ. 1985ರಲ್ಲಿ ಆಫ್ರಿಕದ ಬರಗಾಲಕ್ಕೆಂದು ಹಾಡುಗಾರರು ಸೇರಿ ಒಂದು ಹಾಡು ಮಾಡಿದ್ದರು. ಜೋ ಬಾಬ್ ತನ್ನ ಅಂಕಣದಲ್ಲಿ ಅದನ್ನು ಅಣಕಿಸಿ ಬರೆದ. ಡಲ್ಲಾಸ್ ನಗರದ ಕರಿಯ ಸಮುದಾಯ ಪ್ರತಿಭಟಿಸಿತು, ಪತ್ರಿಕೆ ಅಂಕಣ ನಿಲ್ಲಿಸಿತು, ಅವನು ಕೆಲಸ ಬಿಟ್ಟ. ಹೆಂಗಸರ ಮೈ ಬಗ್ಗೆ ಅವನ ಲೆಕ್ಕಪಟ್ಟಿಯಲ್ಲಿ ಬರುವ ಸಂಗತಿಗಳನ್ನು ಮನೆಮಂದಿಯ ಜೊತೆ ಕೂತು ಕೇಳಲಾಗದು. ಅಗ್ಗದ ಸಿನಿಮಾದ ಪರ ವಾದಿಸುವ ಭರದಲ್ಲಿ ಅದರ ಹೊಲಸನ್ನೂ ಜನಸಾಮಾನ್ಯರ ರುಚಿ ಎಂದು ದಾಟಿಸುವ ಚಾಳಿ ಅವನಲ್ಲಿದೆ. ಜನಸಾಮಾನ್ಯರಲ್ಲಿ ಹೆಂಗಸರೂ ಕರಿಯರೂ ಇದ್ದಾರೆ ಎಂಬುದು ಇಂತಹ ವಾದಗಳಲ್ಲಿ ಯಾವಾಗಲೂ ಮರೆತುಹೋಗುತ್ತದೆ.

ನಿರೂಪಕನಿಗೂ ಭಯಕ್ಕೂ ಇರುವ ನಂಟನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’. ಜಾರ್ಜ್ ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್ ಸುತ್ತಮುತ್ತ, ಸುಮಾರು ಒಂದು ಲಕ್ಷ ಹದಿನಾಲ್ಕು ಸಾವಿರ ಡಾಲರಿನಲ್ಲಿ ಮಾಡಿದ ಕಪ್ಪು ಬಿಳುಪು ಚಿತ್ರ. ರಕ್ತವೆಂದು ಕಾಣುವುದು ಚಾಕಲೇಟ್ ಪಾಕ. ಹಂಚಿಕೆದಾರರು ಶೀರ್ಷಿಕೆ ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಹಾಗಾಗಿ ಚಿತ್ರ ಯಾರ ಆಸ್ತಿಯೂ ಆಗದೆ ಎಲ್ಲರ ಆಸ್ತಿಯಾಯಿತು. ಅಮೆರಿಕದ ನಡುರಾತ್ರಿಯ ನಿರೂಪಕರೆಲ್ಲ ಅದನ್ನು ಪುಕ್ಕಟೆ ತೋರಿಸಿದರು, ನಮ್ಮಂಥವರೂ ಇಂದು ದುಡ್ಡಿಲ್ಲದೆ ನೋಡಬಹುದು.

ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುತ್ತಾರೆ. ಒಂದು ಒಂಟಿಮನೆಯಲ್ಲಿ ಏಳು ಜನ ಸಿಕ್ಕಿಬಿದ್ದಿದ್ದಾರೆ. ಇಷ್ಟೇ ಕತೆ. ಇಂದು ಎಲ್ಲರೂ ಇದನ್ನು ‘ಜೋಂಬಿ’ ಸಿನಿಮಾ ಎನ್ನುತ್ತಾರೆ. ಚಿತ್ರದೊಳಗೆ ಆ ಪದವಿಲ್ಲ, ಅಲ್ಲಿರುವುದು ‘ಗೂಲ್’. ಉರ್ದು ಶಾಲೆಯಲ್ಲಿ ಕಲಿತವರಿಗೆ ಇದು ಹಳೆಯ ಪರಿಚಯ. ಅರಬ್ಬಿಯ ಈ ಪದ ಉರ್ದು ದಾಸ್ತಾನುಗಳಲ್ಲಿ ದಾರಿಹೋಕರನ್ನು ಮರುಭೂಮಿಯಲ್ಲಿ ದಾರಿ ತಪ್ಪಿಸುವ ಪಿಶಾಚಿಯಾಗಿ ಓಡಾಡುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ, ಪಿಟ್ಸ್‌ಬರ್ಗಿನ ಸ್ಮಶಾನದಲ್ಲಿ ಎದ್ದು ನಿಂತಿದೆ.

ಮನೆಯೊಳಗಿನ ಜನ ರೇಡಿಯೊ, ಟಿವಿ ಹಚ್ಚಿಕೊಂಡು ಕೂತಿರುತ್ತಾರೆ. ಟಿವಿಯಲ್ಲಿ ಒಬ್ಬ ವರದಿಗಾರ ಪೊಲೀಸ್ ಮುಖ್ಯಸ್ಥನನ್ನು ಮಾತಾಡಿಸುತ್ತಾನೆ. ಆ ವರದಿಗಾರನ ಪಾತ್ರ ಮಾಡಿದವನು ಬಿಲ್ ಕಾರ್ಡಿಲ್, ಪಿಟ್ಸ್‌ಬರ್ಗಿನಲ್ಲಿ ‘ಚಿಲ್ಲರ್ ಥಿಯೇಟರ್’ ಎಂಬ ಭಯಾನಕ ಸಿನಿಮಾ ಕಾರ್ಯಕ್ರಮ ನಡೆಸುತ್ತಿದ್ದ ಅಸಲಿ ನಿರೂಪಕ. ವಾರವಾರವೂ ದೆವ್ವಗಳನ್ನು ಪರಿಚಯಿಸುತ್ತಿದ್ದ ಮುಖವೇ ಇಲ್ಲಿ ನಿಜಸುದ್ದಿ ಹೇಳುವ ಮುಖವಾಗುತ್ತದೆ. ಆ ಊರಿನ ಪ್ರೇಕ್ಷಕರಿಗೆ ಹೇಗೆ ಅನ್ನಿಸಿರಬೇಕು! ನಗಿಸಿ ಹೆದರಿಕೆ ಇಳಿಸುತ್ತಿದ್ದವನು ಈಗ ನಗುತ್ತಿಲ್ಲ.

ಇಡೀ ರಾತ್ರಿ ಬುದ್ಧಿಯಿಂದ ಹೋರಾಡಿ ಬದುಕುಳಿಯುವವನು ಬೆನ್ ಎಂಬ ಕರಿಯ ಯುವಕ. ಡ್ವೇನ್ ಜೋನ್ಸ್ ಆ ಪಾತ್ರ ಮಾಡಿದ್ದಾನೆ. ಬೆಳಗಾಗುತ್ತದೆ. ಬಂದೂಕು ಹಿಡಿದ ಬಿಳಿಯರ ಗುಂಪು ಹೊಲಗಳನ್ನು ಸೋಸುತ್ತ ಬರುತ್ತದೆ. ಕಿಟಕಿಯಲ್ಲಿ ಕಂಡ ಬೆನ್‌ನನ್ನು ಪಿಶಾಚಿ ಎಂದುಕೊಂಡು ಹಣೆಗೆ ಗುಂಡು ಹೊಡೆಯುತ್ತಾರೆ. ಕೊಂಡಿ ಹಾಕಿ ಹೆಣ ಎಳೆಯುವ ಸ್ಥಿರಚಿತ್ರಗಳು ವೃತ್ತಪತ್ರಿಕೆಯ ಫೋಟೊಗಳಂತೆ ಒಂದೊಂದಾಗಿ ಬರುತ್ತವೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು ಆ ವರ್ಷದ ಏಪ್ರಿಲ್‌ನಲ್ಲಿ, ಸಿನಿಮಾ ಬಿಡುಗಡೆಯಾದದ್ದು ಅಕ್ಟೋಬರ್‌ನಲ್ಲಿ.

ನಮ್ಮ ಮನೆಯಲ್ಲಿ ಈ ಸಿನಿಮಾ ಹಾಕಿದಾಗ ತಸ್ಬಿ ಎಣಿಸುತ್ತ ಮೂಲೆಯಲ್ಲಿ ಕೂತಿದ್ದ ಚಾಚಿ, ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಉನೆ ಆದ್ಮೀಚ್ ಥಾ ನಾ, ಕಾಯ್ಕು ಮಾರೆ?’ ಅವನು ಮನುಷ್ಯನೇ ಆಗಿದ್ದನಲ್ಲ, ಯಾಕೆ ಕೊಂದರು? ಎಷ್ಟು ನಿರೂಪಕರು, ವಿಮರ್ಶಕರು ಈ ಚಿತ್ರದ ಬಗ್ಗೆ ಎಷ್ಟು ಬರೆದಿದ್ದರೂ ಪ್ರಶ್ನೆ ಇದನ್ನು ಮೀರಿ ಹೋಗಿಲ್ಲ.

ಈಗ ನಮ್ಮ ನಾಡಿಗೆ ಬರೋಣ. 2016ರಲ್ಲಿ ಕರಾಚಿಯ ಒಂದು ಸಂಸ್ಥೆ ಮಕ್ಕಳ ರಕ್ಷಣೆಯ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸಲು ಚಿಕ್ಕ ವಿಡಿಯೊ ಮಾಡಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಅವರೇ ಹಿಂತಿರುಗಿ ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಎಷ್ಟು ಕಡಿಮೆ ಸಮಯ ಸಾಕು ನೋಡಿ ಎಂಬ ಅರ್ಥದ ಫಲಕ ತೋರಿಸುತ್ತಾರೆ. 2018ರಲ್ಲಿ ಇದು ನಮ್ಮ ದೇಶದ ವಾಟ್ಸಾಪುಗಳಲ್ಲಿ ಹರಿದಾಡಿತು. ಯಾರೋ ಕೊನೆಯ ಭಾಗವನ್ನು ಕತ್ತರಿಸಿದ್ದರು. ಫಲಕವಿಲ್ಲ, ಹಿಂತಿರುಗುವ ಬೈಕಿಲ್ಲ. ಕಳುವಾದ ಮಗು ಮಾತ್ರ ಉಳಿಯಿತು. ಆಟದಿಂದ ಸಾರಥಿಯನ್ನು ತೆಗೆದು ರಾಕ್ಷಸನನ್ನು ಊರೊಳಗೆ ಬಿಟ್ಟಂತೆ.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಸಾಫ್ಟ್‌ವೇರ್ ಕೆಲಸಗಾರನೊಬ್ಬನನ್ನು ಗುಂಪು ಕೊಂದಿತು. ಅವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ವಾಟ್ಸಾಪ್ ಸಂದೇಶ ಕಾರಿಗಿಂತ ಮುಂದೆ ಓಡಿತ್ತು, ದಾರಿಗೆ ಅಡ್ಡ ಹಾಕಲಾಗಿತ್ತು. ಅದು ಶುಕ್ರವಾರ. ಹದಿಮೂರನೆಯ ತಾರೀಖಿನ ಶುಕ್ರವಾರ ಅಪಶಕುನವೆಂದು ಅಮೆರಿಕದವರ ನಂಬಿಕೆ. ಅದೇ ಕಾರಣಕ್ಕೆ ಜೋ ಬಾಬ್ ತನ್ನ ಹೊಸ ಕಾರ್ಯಕ್ರಮವನ್ನು ಅದೇ ದಿನ, ಅದೇ ಜುಲೈ 13ರ ರಾತ್ರಿ, ಸತತ 24 ಗಂಟೆಯ ಸಿನಿಮಾಗಳೊಂದಿಗೆ ಶುರುಮಾಡಿದ್ದ. ನೋಡುವವರ ನೂಕುನುಗ್ಗಲಿಗೆ ಆ ವಾಹಿನಿಯ ಯಂತ್ರಗಳೇ ಕುಸಿದುಬಿದ್ದವು. ಅಲ್ಲಿ ಸಾವಿರಾರು ಜನ ರಾತ್ರಿಯಿಡೀ ಹೆಣಗಳನ್ನು ಎಣಿಸಿ ನಗುತ್ತ ಮನೆಯಲ್ಲಿ ಮಲಗಿದರು. ಇಲ್ಲಿ ಯಾರೂ ದೆವ್ವದ ಸಿನಿಮಾ ನೋಡಿರಲಿಲ್ಲ.

ಭಯಾನಕ ಸಿನಿಮಾ ನೋಡಿದರೆ ಮಕ್ಕಳು ಕೆಡುತ್ತಾರೆ, ನಂಬಿಕೆ ಕೆಡುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕುರ್‌ಆನಿನ 72ನೆಯ ಅಧ್ಯಾಯದ ಹೆಸರೇ ಅಲ್-ಜಿನ್ನ್. ಅಲ್ಲಿ ಜಿನ್ನ್‌ಗಳು ಹೆದರಿಸಲು ಬರುವುದಿಲ್ಲ, ಕೇಳಿಸಿಕೊಳ್ಳಲು ಬರುತ್ತವೆ. ಬಂದ ಸುದ್ದಿಯನ್ನು ಪರಿಶೀಲಿಸದೆ ಒಂದು ಜನರ ಮೇಲೆ ಬೀಳಬೇಡಿ ಎಂಬ ಎಚ್ಚರಿಕೆ ಇರುವುದು 49ನೆಯ ಅಧ್ಯಾಯದಲ್ಲಿ. ತಾಯಿತದವರ ಅಂಗಡಿಯಲ್ಲಿ ಮೊದಲನೆಯದು ಓಡುವಷ್ಟು ಎರಡನೆಯದು ಓಡುವುದಿಲ್ಲ.

ನಮ್ಮ ಟಿವಿಯಲ್ಲೂ ದೆವ್ವಗಳಿಗೆ ಕೊರತೆ ಇರಲಿಲ್ಲ. 1993ರಲ್ಲಿ ‘ಝೀ ಹಾರರ್ ಶೋ’ ಶುರುವಾದಾಗ ಊರಲ್ಲಿ ಡಿಶ್ ಇದ್ದ ಒಂದೆರಡು ಮನೆಗಳ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಮಾಡಿದವರು ರಾಮ್ಸೆ ಸಹೋದರರು. ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಇವರವೇ. ಆದರೆ ಇವರ ಕತೆಯನ್ನು ಹೇಳುವ ನಿರೂಪಕನೊಬ್ಬ ನಮಗೆ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಹೇಳಬಹುದಿತ್ತು! ತಂದೆ ಎಫ್. ಯು. ರಾಮ್ಸಿಂಘಾನಿ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟವರು. ಹೆಸರು ಇಂಗ್ಲಿಷರ ಬಾಯಲ್ಲಿ ತಿರುಗದೆ ರಾಮ್ಸೆ ಆಯಿತು. ದೇಶವಿಭಜನೆಯಲ್ಲಿ ಮುಂಬಯಿಗೆ ಬಂದರು. ಏಳು ಗಂಡುಮಕ್ಕಳು ಛಾಯಾಗ್ರಹಣದ ಒಂದು ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ಸಿನಿಮಾ ಕಲಿತರು. ಒಬ್ಬ ಬರೆದ, ಒಬ್ಬ ಧ್ವನಿ ಹಿಡಿದ, ಒಬ್ಬ ಸಂಕಲನ ಮಾಡಿದ, ಇಬ್ಬರು ನಿರ್ದೇಶಿಸಿದರು. ಊರಿನ ಒಕ್ಕಲುತನದ ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದೂ ಹೀಗೆಯೇ. ‘ಪುರಾನಾ ಮಂದಿರ್’ನ ಸಾಮ್ರಿಯನ್ನು ಕಂಡು ಉಚ್ಚೆ ಹೊಯ್ದುಕೊಂಡ ಹುಡುಗರಿಗೆ ಆ ಪಾತ್ರ ಮಾಡಿದ ಅನಿರುದ್ಧ ಅಗರವಾಲ್ ಓದಿದ್ದು ಸಿವಿಲ್ ಎಂಜಿನಿಯರಿಂಗ್ ಎಂದು ಯಾರೂ ಹೇಳಲಿಲ್ಲ.

ಇನ್ನೊಂದು. ಇವರ ಮೊದಲ ದೆವ್ವದ ಚಿತ್ರ 1972ರದು, ಹೆಸರು ‘ದೋ ಗಜ್ ಜಮೀನ್ ಕೆ ನೀಚೆ’. ಎರಡು ಗಜ ನೆಲ ಎಂಬ ಮಾತು ಕೇಳಿದ ಕೂಡಲೇ ಉರ್ದು ಬಲ್ಲವರಿಗೆ ರಂಗೂನಿನಲ್ಲಿ ಸೆರೆಯಾಗಿ ಸತ್ತ ಬಹಾದುರ್ ಶಾ ಜಫರ್, ಅವನ ಹೆಸರಿನಲ್ಲಿರುವ ಗಜಲು ನೆನಪಾಗುತ್ತದೆ. ಊರಲ್ಲಿ ಗೋರಿಗೂ ನೆಲ ಸಿಗದವನ ಕೊರಗು ಅದು. ಕರಾಚಿ ಕಳೆದುಕೊಂಡು ಬಂದ ಸಿಂಧಿ ಕುಟುಂಬವೊಂದು ತನ್ನ ಮೊದಲ ಗೋರಿಯ ಸಿನಿಮಾಕ್ಕೆ ಆ ಮಾತನ್ನೇ ಎತ್ತಿಕೊಂಡದ್ದು ಆಕಸ್ಮಿಕವೇ ಇರಬಹುದು. ಅಂಥ ಆಕಸ್ಮಿಕಗಳನ್ನು ಎತ್ತಿ ತೋರಿಸುವುದೇ ತಿಳಿದ ನಿರೂಪಕನ ಕೆಲಸ. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ ತೀರಿಕೊಂಡರು. ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಕಾಲ ಮುಗಿದಿದೆ.

ನಿರೂಪಕರು ಬರಲಿಲ್ಲವೆಂದಲ್ಲ, ಬಂದರು. ಕನ್ನಡದ ಸುದ್ದಿವಾಹಿನಿಗಳಿಗೆ ಬಂದರು. ಟಿವಿ9ರ ‘ಹೀಗೂ ಉಂಟೇ’ ಎಂಬ ಹೆಸರು ಜನರ ಬಾಯಲ್ಲಿ ಗಾದೆಯೇ ಆಯಿತು. ಈ ಬಗೆಯ ಕಾರ್ಯಕ್ರಮಗಳಲ್ಲಿ ಪಾಳುಬಿದ್ದ ಬಂಗಲೆ, ಹುಣಸೆಮರ, ಮೈಮೇಲೆ ಬಂದ ಹೆಂಗಸು, ಹಿಂದೆ ನಡುಗುವ ಸಂಗೀತ. ನಿರೂಪಕನ ದನಿ ಏರುತ್ತ ಹೋಗಿ ಒಂದು ಪ್ರಶ್ನೆಯಲ್ಲಿ ನಿಲ್ಲುತ್ತದೆ. ಪ್ರಶ್ನೆಚಿಹ್ನೆಯೇ ಇಲ್ಲಿನ ಸರಕು. ಉತ್ತರ ಹೇಳಿದರೆ ನಾಳೆಯ ಕಂತಿಗೆ ಮಾಲು ಇಲ್ಲ. ಸಾರಥಿಯೂ ಪ್ರಶ್ನೆಯನ್ನೇ ಕೇಳುತ್ತಾನೆ. ಆದರೆ ಅವನು ಕೇಳುವುದು ರಾಕ್ಷಸನನ್ನು, ಇವರು ಕೇಳುವುದು ಪ್ರೇಕ್ಷಕನನ್ನು. ಸಿನಿಮಾದ ದೆವ್ವಕ್ಕೆ ಸಂಬಳವಿದೆ, ಬಣ್ಣ ತೊಳೆದರೆ ಮನೆಗೆ ಹೋಗುತ್ತದೆ. ಸುದ್ದಿಯಲ್ಲಿ ದೆವ್ವವಾದ ಹೆಂಗಸು ಅದೇ ಊರಿನಲ್ಲಿ, ಅದೇ ಓಣಿಯಲ್ಲಿ ಬಾಳಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವೆಂದ ಕರ್ನಾಟಕದ ಕಾಯ್ದೆ 2017ರದು, ಜಾರಿಯಾದದ್ದು 2020ರಲ್ಲಿ. ಕ್ಯಾಮೆರಾಗಳು ಅದಕ್ಕೂ ಬಹಳ ಮೊದಲೇ ಆ ಮನೆಗಳ ಹೊಸ್ತಿಲು ದಾಟಿದ್ದವು.

ಕನ್ನಡ ಸಿನಿಮಾಕ್ಕೆ ಒಮ್ಮೆ ಒಳ್ಳೆಯ ಸಾರಥಿ ಸಿಕ್ಕಿದ್ದ, ಅದೂ ಕತೆಯ ಒಳಗೇ. 2004ರ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಮಾಡಿದ ಮನೋವೈದ್ಯ ವಿಜಯ್, ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ವೈದ್ಯನ ಕನ್ನಡ ರೂಪ. ಅವನು ನಾಗವಲ್ಲಿಯನ್ನು ಹೊಡೆಯುವುದಿಲ್ಲ, ಅವಳ ಹೆಸರು ಕತೆ ವಿಚಾರಿಸುತ್ತಾನೆ. ಗಂಗಾ ಎಂಬ ಹೆಂಗಸಿನ ಒಂಟಿತನ ಎಲ್ಲಿಂದ ಬಂತೆಂದು ನಮಗೆ ಬಿಡಿಸಿ ಹೇಳುತ್ತಾನೆ. ಕೊನೆಗೆ ಮಂತ್ರವಾದಿಯನ್ನೂ ಸೇರಿಸಿಕೊಂಡೇ ಚಿಕಿತ್ಸೆ ಮಾಡುತ್ತಾನೆ. ಆದರೆ ಮಂತ್ರವಾದಿ ಇಲ್ಲಿ ನಾಟಕದ ಪಾತ್ರಧಾರಿ, ಸೂತ್ರ ವೈದ್ಯನ ಕೈಯಲ್ಲಿದೆ. ಬಿಡುಗಡೆಗೆ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ ಸೌಂದರ್ಯ ಅವರ ಅಭಿನಯ ಈ ಚಿತ್ರವನ್ನು ಎತ್ತಿಹಿಡಿದಿದೆ. ಆರು ವರ್ಷದ ಮೇಲೆ ‘ಆಪ್ತರಕ್ಷಕ’ ಬಂತು. ಅದೇ ವೈದ್ಯ, ಅದೇ ನಾಗವಲ್ಲಿ. ಈ ಸಲ ನೂರು ವರ್ಷ ಮೀರಿದ ರಾಜ ನಿಜವಾಗಿಯೇ ಬದುಕಿರುತ್ತಾನೆ. ವೈದ್ಯನ ವಿದ್ಯೆಗೆ ಅಲ್ಲಿ ಅಂಥ ಕೆಲಸವಿಲ್ಲ. ಜನ ಎರಡನ್ನೂ ಸಮನಾಗಿ ಮೆಚ್ಚಿದರು. ನಮಗೆ ಮಾತ್ರ ಈ ಆರು ವರ್ಷದಲ್ಲಿ ನಮ್ಮ ನಡುವಿನಿಂದ ಏನೋ ಎದ್ದುಹೋಯಿತು ಎನಿಸುತ್ತದೆ.

ಕನ್ನಡದಲ್ಲಿ ಯಾರಾದರೂ ಇಂಥ ಕಾರ್ಯಕ್ರಮಕ್ಕೆ ಕೈ ಹಾಕಿದರೆ ಮೊದಲ ರಾತ್ರಿಗೆ ನಾವು ಸೂಚಿಸುವುದು ಬಿ. ವಿಠಲಾಚಾರ್ಯರನ್ನು. ಉಡುಪಿ ಬಳಿಯ ಉದ್ಯಾವರದವರು. ಟೂರಿಂಗ್ ಟಾಕೀಸ್ ನಡೆಸಿ, ಶಂಕರ್‌ಸಿಂಗ್ ಅವರ ಜೊತೆ ಮಹಾತ್ಮ ಪಿಕ್ಚರ್ಸಿನಲ್ಲಿ ಪಳಗಿ, ಮದರಾಸಿಗೆ ಹೋಗಿ ತೆಲುಗಿನ ಮಾಯಾಜಾಲದ ದೊರೆಯಾದರು. 1978ರಲ್ಲಿ ಅವರು ತೆಗೆದ ತೆಲುಗು ‘ಜಗನ್ಮೋಹಿನಿ’ಯಲ್ಲಿ ಜಯಮಾಲಿನಿ ಮೋಹಿನಿ ದೆವ್ವ. ಮನೆಗೆಲಸ ಮಾಡುವ ಆ ದೆವ್ವ ಒಲೆಗೆ ಕಟ್ಟಿಗೆಯ ಬದಲು ತನ್ನ ಕಾಲನ್ನೇ ಇಟ್ಟು ಅಡಿಗೆ ಮಾಡುವ ದೃಶ್ಯವನ್ನು ನೋಡಿದವರು ಮರೆತಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ತೆಗೆದರು, ಆ ಕಾಲಿನ ಅಚ್ಚು ಯಾರು ಮಾಡಿದರು, ಬೆಂಕಿ ಹಚ್ಚಿದವರು ಯಾರು ಎಂದು ನಿರೂಪಕ ಹುಡುಕಿ ತರಲಿ. ಜೊತೆಗೆ ಇನ್ನೊಂದನ್ನೂ ಕೇಳಲಿ. ನಮ್ಮೂರಲ್ಲಿ ಬಾಡಿಗೆ ವಿಡಿಯೊ ತಂದು ಇದನ್ನು ತೋರಿಸಿದಾಗ ಆ ದೃಶ್ಯಕ್ಕೆ ಗಂಡಸರು, ಹುಡುಗರು ಹೆದರಿ ಮುಖ ಮುಚ್ಚಿಕೊಂಡಿದ್ದರು. ದಿನವೂ ಎರಡು ಮೈಲಿ ನಡೆದು ಬಳ್ಳಾರಿ ಜಾಲಿಯ ಕಟ್ಟಿಗೆ ಹೊತ್ತು ತರುತ್ತಿದ್ದ ಹೆಂಗಸರು ಹಿಂದೆ ಕೂತು ಬಿದ್ದು ಬಿದ್ದು ನಗುತ್ತಿದ್ದರು. ಯಾಕೆಂದು ಅವರನ್ನು ಯಾರೂ ಕೇಳಲಿಲ್ಲ.